ಮೋಟಾರು ಸೈಕಲ್ಲಿನ ಡಬಲ್ ಸ್ಟ್ಯಾಂಡು: ಇಟ್ಟುಕೊಳ್ಳತಕ್ಕದ್ದೇ, ತೆಗೆಯತಕ್ಕದ್ದೇ?

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಬೇಸಾಯದಲ್ಲಿ ಮೋಟಾರು ಸೈಕಲ್ಲು ಈಗ ಬರಿಯ ಸವಾರಿಯ ವಾಹನವಾಗಿ ಉಳಿದಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಬೆಳಗ್ಗೆ ಹಾಲಿನ ಕ್ಯಾನು ಡೇರಿಗೆ ಹೋಗುವುದು ಅದರ ಮೇಲೆ. ಹಸುವಿಗೆ ಹುಲ್ಲಿನ ಹೊರೆ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು, ಗದ್ದೆಗೆ ಗೊಬ್ಬರದ ಮೂಟೆ, ಮದ್ದೂರಿನ ಮಾರುಕಟ್ಟೆಗೆ ಎಳನೀರಿನ ಗೊನೆ, ಇವೆಲ್ಲವೂ ಅದರ ಮೇಲೆಯೇ ಸಾಗುವುವು. ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಚಿಲ್ಲರೆ ಕೆಲಸಗಳಲ್ಲಿ ಬಹುಭಾಗವು ಇದರ ಪಾಲಿಗೆ ಬಂದಿದೆ. ಎತ್ತುಗಳನ್ನು ಬಿಚ್ಚಿದ ಕೂಡಲೇ ಮೂಕಿಯ ಕೆಳಗೆ ಕೋಲೊಂದನ್ನು ಆನಿಸಿ ಗಾಡಿಯನ್ನು ನಿಲ್ಲಿಸುವುದು ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಹಾಗಿರುವಲ್ಲಿ, ಅದೇ ಪ್ರಯೋಜನಕ್ಕಾಗಿ ತಯಾರಕರು ಮೋಟಾರು ಸೈಕಲ್ಲಿಗೆ ಜೋಡಿಸಿರುವ ಡಬಲ್ ಸ್ಟ್ಯಾಂಡನ್ನು ಭಾರವೆಂದೂ ನೆಲಕ್ಕೆ ತಗಲುವುದೆಂದೂ ಹೇಳಿ ಬಿಚ್ಚಿಸಿ ಗುಜರಿಗೆ ಹಾಕುವವರೂ ಉಂಟು. ಇದು ಯುಕ್ತವೇ ಎಂಬುದನ್ನು ಗ್ರಾಮದ ಯಜಮಾನರೂ ಜಮೀನುದಾರರೂ ವಿಚಾರಿಸಿ ನೋಡತಕ್ಕದ್ದಾಗಿದೆ.

ಪೂರ್ವದ ಪದ್ಧತಿ

ಈ ಸೀಮೆಗೆ ಮೋಟಾರು ಸೈಕಲ್ಲು ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿತು. ಆ ಗಾಡಿಗಳಿಗೆ ಡಬಲ್ ಸ್ಟ್ಯಾಂಡು ಇದ್ದೇ ಇತ್ತು. ಇಂದು ಹಳ್ಳಿಗಳಲ್ಲಿ ಹೊರೆ ಹೊರುವ ಟಿ.ವಿ.ಎಸ್. ಎಕ್ಸೆಲ್ ಮೊಪೆಡ್ಡುಗಳಿಗೂ, ನೂರು ಸಿ.ಸಿ.ಯ ಸಾಧಾರಣ ಗಾಡಿಗಳಲ್ಲಿ ಬಹುಪಾಲಿಗೂ ಅದು ಉಂಟು. ಆದರೆ ಹೆಚ್ಚು ಬೆಲೆಯ ಹೊಸ ಮಾದರಿಗಳಲ್ಲಿ ಅನೇಕವು ಸೈಡ್ ಸ್ಟ್ಯಾಂಡು ಮಾತ್ರದಿಂದಲೇ ಬರುತ್ತಿವೆ. ಇವುಗಳನ್ನು ಕಂಡ ತರುಣರು ಡಬಲ್ ಸ್ಟ್ಯಾಂಡು ಅನಾವಶ್ಯಕವೆಂದು ಭಾವಿಸುವುದು ಆಶ್ಚರ್ಯವಲ್ಲ. ಪಟ್ಟಣದ ಸಿಮೆಂಟು ನೆಲದ ಮೇಲೆ, ಹೊರೆಯಿಲ್ಲದೆ ನಿಲ್ಲುವ ಗಾಡಿಗೆ ಆ ಮಾತು ಒಪ್ಪಬಹುದು. ನಾಲೆಯ ಏರಿಯ ಮೇಲೆ ನಿಲ್ಲುವ ಗಾಡಿಗೆ ಒಪ್ಪುವುದೇ ಎಂಬುದು ಪ್ರಶ್ನೆ.

ನೆಲದ ಗುಣ

ಕನ್ನಂಬಾಡಿ ಕಟ್ಟೆಯ ಕೆಲಸವು 1911ರಲ್ಲಿ ಪ್ರಾರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಈ ತಾಲ್ಲೂಕುಗಳಿಗೆ ಹರಿದಂದಿನಿಂದ ಕಬ್ಬು ಭತ್ತಗಳ ಬಯಲುಗಳಲ್ಲಿ ವರ್ಷದ ಬಹುಕಾಲ ನೆಲವು ತೇವವಾಗಿರುವುದು. ಏರಿಗಳ ಅಂಚು ಮೃದು. ಗದ್ದೆಯ ದಾರಿ ಇಕ್ಕಟ್ಟು. ಮಳವಳ್ಳಿಯ ಕಡೆ ನೀರಾವರಿಯಿಲ್ಲದ ಹೊಲಗಳಲ್ಲಿ ನೆಲವು ಗಟ್ಟಿಯಾದರೂ ಏರಿಳಿತವೂ ಕಲ್ಲೂ ಹೆಚ್ಚು. ಗಾಡಿಯನ್ನು ನಿಲ್ಲಿಸುವ ವಿಷಯದಲ್ಲಿ ಈ ಎರಡು ಬಗೆಯ ನೆಲಗಳಿಗೂ ಬೇರೆ ಬೇರೆ ಎಚ್ಚರಿಕೆ ಬೇಕು.

ಎರಡು ಸ್ಟ್ಯಾಂಡುಗಳ ತಾರತಮ್ಯ

ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯು ಎಡಕ್ಕೆ ಓರೆಯಾಗಿ, ಎರಡು ಚಕ್ರ ಮತ್ತು ಒಂದು ಕಾಲು, ಹೀಗೆ ಮೂರು ನೆಲೆಗಳನ್ನು ಆಶ್ರಯಿಸಿರುವುದು. ಆ ಕಾಲಿನ ಪಾದವು ಬಹಳ ಚಿಕ್ಕದು. ಎಡಗಡೆಗೆ ಹೊರೆ ಹೇರಿದರೆ ಭಾರವು ಆ ಒಂದು ಕಾಲಿನ ಮೇಲೆ ಬಿದ್ದು, ಹಸಿ ನೆಲದಲ್ಲಿ ಅದು ಹೂತುಹೋಗುವುದು. ಬಲಗಡೆಗೆ ಮೊದಲು ಹೇರಿದರೆ ಗಾಡಿಯು ನೆಟ್ಟಗಾಗಿ ಬಲಕ್ಕೆ ಉರುಳುವ ಸಂಭವವುಂಟು. ನಲವತ್ತು ಲೀಟರಿನ ಒಂದು ಕ್ಯಾನಿನಲ್ಲಿ ಹಾಲಿನ ತೂಕವೇ ಸುಮಾರು 41 ಕಿಲೋಗ್ರಾಂ. ಯೂರಿಯಾ ಮೂಟೆಯೊಂದು 45 ಕಿಲೋಗ್ರಾಂ. ಇಷ್ಟು ಭಾರವನ್ನು ಒಂದು ಪಕ್ಕಕ್ಕೆ ಹೇರುವಾಗ ಗಾಡಿ ಉರುಳಿದರೆ ಹೊತ್ತಿನ ಹಾಲು ಮಣ್ಣುಪಾಲಾಗುವುದಲ್ಲದೆ, ಪಕ್ಕದಲ್ಲಿ ನಿಂತ ಹೆಂಗಸರಿಗೂ ಮಕ್ಕಳಿಗೂ ಪೆಟ್ಟಾಗುವುದು. ಕಾದ ಸೈಲೆನ್ಸರಿನಿಂದ ಕಾಲು ಸುಡುವುದು.

ಡಬಲ್ ಸ್ಟ್ಯಾಂಡಿನ ಮೇಲೆ ಗಾಡಿಯು ನೆಟ್ಟಗೆ ನಿಲ್ಲುವುದು. ಅಗಲವಾಗಿ ಊರಿದ ಎರಡು ಕಾಲುಗಳು ಭಾರವನ್ನು ಹಂಚಿಕೊಳ್ಳುವುವು. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಸ್ಥಳವೂ ಕಡಿಮೆ ಹಿಡಿಯುವುದು. ಹೀಗೆಂದು ಅದು ಎಲ್ಲಿಯೂ ಹೂಳುವುದಿಲ್ಲವೆಂದು ತಿಳಿಯಬಾರದು. ಕೆಸರಿನಲ್ಲಿ ಎರಡು ಕಾಲುಗಳೂ ಇಳಿದರೆ ಗಾಡಿಯನ್ನು ಮುಂದಕ್ಕೆ ತಳ್ಳಿ ಬಿಡಿಸುವುದು ಕಷ್ಟ. ಆದುದರಿಂದ ಒಂದೂವರೆ ಅಡಿ ಉದ್ದದ ಹಲಗೆಯ ತುಂಡನ್ನಾಗಲಿ, ಚಪ್ಪಟೆ ಕಲ್ಲನ್ನಾಗಲಿ ಕೆಳಗಿಡುವುದು ಉತ್ತಮ.

ಗಾಡಿಯ ಪೋಷಣೆಯಲ್ಲಿ ಉಪಯೋಗ

ಕೆಸರು ಮತ್ತು ಧೂಳುಗಳಲ್ಲಿ ಓಡಾಡುವ ಗಾಡಿಯ ಚೈನು ಬೇಗನೆ ಸವೆಯುವುದು. ಅದನ್ನು ಒರೆಸಿ ಎಣ್ಣೆ ಹಾಕಬೇಕಾದರೆ ಹಿಂಚಕ್ರವು ನೆಲಬಿಟ್ಟು ತಿರುಗಬೇಕು. ಡಬಲ್ ಸ್ಟ್ಯಾಂಡಿದ್ದಲ್ಲಿ ಒಬ್ಬನೇ ಕಾಲು ಗಂಟೆಯಲ್ಲಿ ಇದನ್ನು ಮಾಡಬಹುದು. ಇಲ್ಲವಾದಲ್ಲಿ ಇನ್ನೊಬ್ಬರ ನೆರವು ಬೇಕು, ಅಥವಾ ವರ್ಕ್‌ಷಾಪಿಗೆ ಹೋಗಬೇಕು. ಚೈನಿನ ಸಡಿಲವನ್ನು ನೋಡುವುದಕ್ಕೂ, ಊರಿಂದ ದೂರದಲ್ಲಿ ಹಿಂಚಕ್ರ ಪಂಕ್ಚರಾದಾಗ ಅದನ್ನು ಬಿಚ್ಚುವುದಕ್ಕೂ ಇದೇ ಆಧಾರ. ಎಂಜಿನ್ ಆಯಿಲಿನ ಮಟ್ಟವನ್ನು ಗಾಡಿ ನೆಟ್ಟಗಿರುವಾಗಲೇ ನೋಡಬೇಕು; ಓರೆಯಾಗಿ ನಿಂತಾಗ ಅಳತೆಯು ತಪ್ಪುವುದು. ಬಹುದಿವಸ ಉಪಯೋಗಿಸದೆ ನಿಲ್ಲಿಸಿದ ಗಾಡಿಯ ಹಿಂದಿನ ಟೈರಿನ ಮೇಲೆ ಭಾರ ಬೀಳದಂತೆಯೂ ಇದು ಕಾಪಾಡುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಂಜಿನನ್ನು ನಡೆಸಿ, ಗೇರು ಹಾಕಿ, ಚಕ್ರ ತಿರುಗುತ್ತಿರುವಾಗ ಬಟ್ಟೆಯಿಂದ ಚೈನನ್ನು ಒರೆಸುವ ದುರಭ್ಯಾಸವನ್ನು ಸರ್ವಥಾ ಬಿಡತಕ್ಕದ್ದು. ಬಟ್ಟೆಯೊಡನೆ ಬೆರಳೂ ಹಲ್ಲುಚಕ್ರಕ್ಕೆ ಸಿಕ್ಕುವುದು. ಎಂಜಿನನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿಯೇ ಈ ಕೆಲಸವನ್ನು ಮಾಡಬೇಕು.

ಆಕ್ಷೇಪಣೆಗಳಿಗೆ ಸಮಾಧಾನ

ಮೊದಲನೆಯದು ಭಾರದ ಆಕ್ಷೇಪಣೆ. ಸಾಧಾರಣ ಗಾಡಿಯ ಡಬಲ್ ಸ್ಟ್ಯಾಂಡು ಕೆಲವೇ ಕಿಲೋಗ್ರಾಂ ತೂಗುವುದು. ಹತ್ತು ಲೀಟರು ಪೆಟ್ರೋಲಿನ ತೂಕವೇ ಏಳು ಕಿಲೋಗ್ರಾಂಗೆ ಮೀರುವುದು. ಮೂಟೆಗಳನ್ನು ಹೊರುವ ಗಾಡಿಯ ವಿಷಯದಲ್ಲಿ ಇದನ್ನು ಮೂಗಿಗಿಂತ ಮೂಗುತಿ ಭಾರವೆನ್ನುವುದು ಸಲ್ಲದು.

ಎರಡನೆಯದು ನೆಲಕ್ಕೆ ತಗಲುವ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವುಂಟು. ಆದರೆ ಸ್ಟ್ಯಾಂಡನ್ನು ಬಿಚ್ಚುವುದಕ್ಕೆ ಮುಂಚೆ ಕಾರಣವನ್ನು ಹುಡುಕಬೇಕು. ಮಡಿಚಿದ ಸ್ಟ್ಯಾಂಡು ಒರಗುವ ರಬ್ಬರು ತುಂಡು ಸವೆದಿದ್ದರೆ ಅಥವಾ ಎಳೆಯುವ ಸ್ಪ್ರಿಂಗು ಸಡಿಲವಾಗಿದ್ದರೆ ಸ್ಟ್ಯಾಂಡು ತನ್ನ ಸ್ಥಾನದಲ್ಲಿ ನಿಲ್ಲದೆ ಅಲುಗುವುದು, ಜೋಲುವುದು. ಹಿಂದಿನ ಶಾಕ್ ಅಬ್ಸಾರ್ಬರು ಸೋತಿದ್ದರೂ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಹೊರೆಯು ಮಿತಿಮೀರಿದ್ದರೂ ಗಾಡಿಯೇ ಕೆಳಗಿಳಿಯುವುದು. ಈ ದೋಷಗಳಿದ್ದಲ್ಲಿ ಸ್ಟ್ಯಾಂಡನ್ನು ತೆಗೆದರೆ ರೋಗವನ್ನು ಬಿಟ್ಟು ಲಕ್ಷಣವನ್ನು ಮರೆಮಾಡಿದಂತಾಗುವುದು.

ಮೂರನೆಯದು ಎತ್ತುವ ಶ್ರಮ. ಬಹುಮಂದಿ ತೋಳಿನ ಬಲದಿಂದ ಎಳೆದು ಸೊಂಟವನ್ನು ನೋಯಿಸಿಕೊಳ್ಳುವರು. ಎಡಗೈಯಿಂದ ಹ್ಯಾಂಡಲನ್ನು ನೆಟ್ಟಗೆ ಹಿಡಿದು, ಬಲಗೈಯನ್ನು ಸೀಟಿನ ಹಿಂದಿನ ಹಿಡಿಗೆ ಕೊಟ್ಟು, ಸ್ಟ್ಯಾಂಡಿನ ಎರಡು ಪಾದಗಳೂ ನೆಲ ಮುಟ್ಟುವವರೆಗೆ ಅಂಗಾಲಿನಿಂದ ಒತ್ತಿ, ಅನಂತರ ಮೈಯ ಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಡಬೇಕು. ಆಗ ಗಾಡಿಯು ತಾನಾಗಿ ಹಿಂದಕ್ಕೆ ಸರಿದು ಮೇಲೇರುವುದು. ಹೊರೆ ಹೇರುವುದಕ್ಕೆ ಮುಂಚೆಯೇ ಸ್ಟ್ಯಾಂಡು ಹಾಕತಕ್ಕದ್ದು; ಹೇರಿದ ಗಾಡಿಯನ್ನು ಇಳಿಸುವಾಗ ಇನ್ನೊಬ್ಬರು ಹಿಂದೆ ಹಿಡಿದಿರತಕ್ಕದ್ದು. ವಯಸ್ಸಾದವರೂ ಬಲಹೀನರೂ ಹೊರೆಯಿಲ್ಲದಾಗ ಸೈಡ್ ಸ್ಟ್ಯಾಂಡನ್ನೇ ಉಪಯೋಗಿಸಬಹುದು.

ಪಾಲಿಸತಕ್ಕ ನಿಯಮಗಳು

1. ಇಳಿಜಾರಿನಲ್ಲಿ ಗಾಡಿಯ ಮುಖವನ್ನು ಮೇಲ್ಮುಖವಾಗಿ ನಿಲ್ಲಿಸತಕ್ಕದ್ದು. ಕೆಳಮುಖವಾಗಿದ್ದರೆ ಮುಂದಕ್ಕೆ ಜಾರಿ ಯಾವ ಸ್ಟ್ಯಾಂಡಾದರೂ ಮಡಿಚಿಕೊಳ್ಳುವುದು. ಸೈಡ್ ಸ್ಟ್ಯಾಂಡಿನಲ್ಲಿದ್ದಾಗ ಎಂಜಿನನ್ನು ನಿಲ್ಲಿಸಿ ಮೊದಲನೆಯ ಗೇರಿನಲ್ಲಿಡತಕ್ಕದ್ದು.

2. ಹೊರೆಯನ್ನು ಎರಡು ಪಕ್ಕಗಳಿಗೂ ಸ್ವಲ್ಪಸ್ವಲ್ಪವಾಗಿ, ಸಮನಾಗಿ ಹೇರತಕ್ಕದ್ದು.

3. ಸ್ಟ್ಯಾಂಡು ತಿರುಗುವ ಬೋಲ್ಟಿಗೆ ಮಳೆಗಾಲದ ಮೊದಲೂ ಅನಂತರವೂ ಗ್ರೀಸು ಹಾಕತಕ್ಕದ್ದು. ಸ್ಪ್ರಿಂಗು ಸಡಿಲವಾದ ದಿವಸವೇ ಬದಲಾಯಿಸತಕ್ಕದ್ದು. ಅದು ದಾರಿಯಲ್ಲಿ ಕಳಚಿ ಸ್ಟ್ಯಾಂಡು ನೆಲಕ್ಕೆ ಬಿದ್ದ ಮೇಲೆ ಯೋಚಿಸುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

4. ಹೊರಡುವ ಮುನ್ನ ಸೈಡ್ ಸ್ಟ್ಯಾಂಡು ಮಡಿಚಿದೆಯೇ ಎಂದು ನೋಡತಕ್ಕದ್ದು. ಮರೆತು ಹೊರಟವರು ಎಡಕ್ಕೆ ತಿರುಗುವಾಗ ಅದು ನೆಲಕ್ಕೆ ಊರಿ ಗಾಡಿಯು ಮಗುಚುವುದು. ಇದರಿಂದ ಪ್ರಾಣಹಾನಿಯೂ ಸಂಭವಿಸುವುದು.

5. ತಯಾರಕರು ಡಬಲ್ ಸ್ಟ್ಯಾಂಡಿಗೆ ಸ್ಥಳವನ್ನೇ ಇಡದ ಗಾಡಿಗೆ ಚಾಸಿಯನ್ನು ಬೆಸೆದು ಜೋಡಿಸಬಾರದು. ಬೆಸುಗೆಯ ಶಾಖದಿಂದ ಚಾಸಿಯು ದುರ್ಬಲವಾಗುವುದು. ಜೋಡಿಸುವ ಸ್ಥಳವಿದ್ದಲ್ಲಿ ತಯಾರಕರ ಬಿಡಿಭಾಗವನ್ನೇ ಹಾಕಿಸತಕ್ಕದ್ದು.

ಉಪಸಂಹಾರ

ಆದುದರಿಂದ, ಹೊರೆ ಹೊರುವ ಗಾಡಿಗೂ, ಮನೆಯಲ್ಲಿಯೇ ಸವರಣೆ ಮಾಡಿಕೊಳ್ಳುವವರ ಗಾಡಿಗೂ, ತೇವದ ನೆಲದಲ್ಲಿ ನಿಲ್ಲುವ ಗಾಡಿಗೂ ಡಬಲ್ ಸ್ಟ್ಯಾಂಡು ಇರತಕ್ಕದ್ದೇ ಸರಿ. ಹೊರೆ ಹೊರದೆ, ಟಾರು ರಸ್ತೆಯನ್ನು ಬಿಟ್ಟಿಳಿಯದೆ, ಸರ್ವೀಸಿಗೆಲ್ಲ ವರ್ಕ್‌ಷಾಪನ್ನೇ ನಂಬಿದವರಿಗೆ ಅದಿಲ್ಲದಿದ್ದರೂ ನಡೆಯುವುದು. ಆದರೆ ಅಂಥವರ ಸಂಖ್ಯೆಯು ಹಳ್ಳಿಗಳಲ್ಲಿ ಹೆಚ್ಚಿಲ್ಲ. ಗ್ರಾಮದ ಹಿರಿಯರು ಡೇರಿಯ ಮುಂದೆ ಹಾಲು ತರುವ ಗಾಡಿಗಳು ನಿಲ್ಲುವ ಸ್ಥಳವನ್ನು ಸಮಮಾಡಿಸಿ, ನಾಲ್ಕು ಚಪ್ಪಡಿ ಕಲ್ಲುಗಳನ್ನು ಹಾಸಿಸಿದರೆ, ಅಲ್ಪ ವೆಚ್ಚದಲ್ಲಿ ಊರಿಗೆಲ್ಲ ಅನುಕೂಲವಾಗುವುದು. ತಮ್ಮ ಮನೆಯ ತರುಣರು ಸ್ಟ್ಯಾಂಡನ್ನು ಬಿಚ್ಚಿಸಲು ಹೊರಟಾಗ, ಮೊದಲು ರಬ್ಬರು ತುಂಡನ್ನೂ ಸ್ಪ್ರಿಂಗನ್ನೂ ನೋಡಿಸಿರೆಂದು ಒಂದು ಮಾತು ಹೇಳಿದರೆ, ಅನೇಕ ವೇಳೆ ಅಷ್ಟೇ ಸಾಕಾಗುವುದು.