ಆಸ್ಪತ್ರೆಯ ಫೈಲ್ ಕೋಣೆ ಮತ್ತು ಕಾಮರ್ಸ್ ವಿದ್ಯಾರ್ಥಿ

ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಕನ್ನಡದಲ್ಲಿ ದಾದಿ ಎಂದರೆ ನರ್ಸ್. ಎರಡನೇ ಕ್ಲಾಸಿನಲ್ಲಿ ನಾನು "ನಮ್ಮ ದಾದಿ ಆಸ್ಪತ್ರೆಯಲ್ಲಿದ್ದಾರೆ" ಎಂದಾಗ ಟೀಚರ್ "ಯಾವ ಆಸ್ಪತ್ರೆಯಲ್ಲಿ ಕೆಲಸ?" ಎಂದು ಕೇಳಿದ್ದರು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಈ ಲೇಖನದ ದಾದಿ ನನ್ನ ಅಜ್ಜಿ.

ಕಳೆದ ಮಳೆಗಾಲದಲ್ಲಿ ದಾದಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್‌ಗೆ ಮೊದಲು ಆಸ್ಪತ್ರೆಯಲ್ಲಿ "ಯಾವುದಾದರೂ ಮದ್ದಿನ ಅಲರ್ಜಿ ಉಂಟಾ?" ಎಂದು ಕೇಳಿದರು. ಆರು ವರ್ಷದ ಹಿಂದೆ ಅದೇ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟಾಗ ದಾದಿಯ ಮುಖ ಊದಿಕೊಂಡಿದ್ದು ಅಬ್ಬಾಗೆ ನೆನಪಿತ್ತು. ಇಂಜೆಕ್ಷನ್ ಹೆಸರು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ, ದಾದಿ ಆ ಆಸ್ಪತ್ರೆಗೆ ಹಿಂದೆ ಬಂದೇ ಇರಲಿಲ್ಲ!

ತಪ್ಪು ಹೆಸರಿನಲ್ಲಿತ್ತು. ನಮ್ಮ ಮನೆಗಳ ಹೆಸರು ಉರ್ದುವಿನಲ್ಲಿ ಒಂದೇ ರೀತಿ ಬರೆದರೂ ಕನ್ನಡ, ಇಂಗ್ಲಿಷಿಗೆ ಬರುವಾಗ ನಾಲ್ಕಾಗುತ್ತದೆ. ಹಾಜಿರಾ, ಹಾಜರಾ, ಹಾಜ್ರಾ ಬಿ, ಹಾಜರಾಬಿ ಎಲ್ಲರೂ ಒಬ್ಬರೇ ಇರಬಹುದು. ರೇಷನ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ದಾದಿಯ ಹೆಸರೂ ಅಂಥದ್ದೇ. ಈ ಸಲ ನೋಂದಣಿ ಮಾಡುವಾಗ ಬೇರೆ ಅಕ್ಷರ ಬಿದ್ದು ಹೊಸ ನಂಬರ್ ಆಗಿಬಿಟ್ಟಿತ್ತು. ಒಬ್ಬರೇ ದಾದಿ, ಎರಡು ಫೈಲ್.

ನಮ್ಮನ್ನು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದ ಅಕ್ಕ ಹೆಸರನ್ನು ಬದಿಗಿಟ್ಟು ಊರು, ಅಂದಾಜು ವಯಸ್ಸು, ಯಾವ ವರ್ಷ, ಯಾವ ಕಾಯಿಲೆ, ಜೊತೆಗೆ ಬಂದವರು ಯಾರು ಎಂದು ಕೇಳುತ್ತಾ ಹೋದರು. ಮುಕ್ಕಾಲು ಗಂಟೆಯಲ್ಲಿ ಹಳೆಯ ಫೈಲ್ ಕೈಗೆ ಬಂತು. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ಬರೆದಿತ್ತು. ವೈದ್ಯರು ಅದನ್ನು ನೋಡಿಯೇ ಮುಂದಿನ ಮದ್ದು ಬರೆದರು. ಮರುದಿನ ಆಪರೇಷನ್ ಆಯಿತು.

"ಅಕ್ಕ, ನೀವು ನರ್ಸಾ?" ಎಂದು ಕೇಳಿದೆ.

"ಅಲ್ಲ ಮಾರಾಯ್ತಿ, ನಾನು ಓದಿದ್ದು ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್."

ಕಾಮರ್ಸ್ ತೆಗೆದುಕೊಂಡ ದಿನವೇ ಆಸ್ಪತ್ರೆಯ ಬಾಗಿಲು ನನಗೆ ಮುಚ್ಚಿತು ಎಂದುಕೊಂಡಿದ್ದೆ. ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ.

ರೋಗಿಯನ್ನು ಪರೀಕ್ಷಿಸುವುದು, ಮದ್ದು ಕೊಡುವುದು, ಗಾಯ ಕಟ್ಟುವುದು ಕ್ಲಿನಿಕಲ್ ಕೆಲಸ. ಅದರ ಹಿಂದೆ ನಿಂತು ದಾಖಲೆ, ವಿಮೆ, ಆಡಳಿತ, ಅಂಕಿಅಂಶ ನೋಡಿಕೊಳ್ಳುವುದು ನಾನ್-ಕ್ಲಿನಿಕಲ್. ರೋಗಿ ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ ಫೈಲಿನ ಕೆಲಸ ಶುರುವಾಗುತ್ತದೆ. ಪುಟಗಳನ್ನು ಕ್ರಮವಾಗಿ ಜೋಡಿಸಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಇದೆಯೇ, ಆಪರೇಷನ್ ಟಿಪ್ಪಣಿ ಇದೆಯೇ ನೋಡಬೇಕು, ಇಲ್ಲದಿದ್ದರೆ ವೈದ್ಯರಿಗೇ ವಾಪಸ್ ಕಳಿಸಬೇಕು. ನಮ್ಮ ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎನ್ನುತ್ತೇವಲ್ಲ, ಹಾಗೆಯೇ.

ಫೈಲ್ ಇಡುವುದರಲ್ಲೂ ಒಂದು ಉಪಾಯವಿದೆ. ನಂಬರ್ 45-23-07 ಆದರೆ ಮೊದಲು ನೋಡುವುದು ಕೊನೆಯ 07. ಆ ಕಪಾಟಿಗೆ ಹೋಗಿ 23, ಆಮೇಲೆ 45. ತಲೆಕೆಳಗಾಗಿ ಕಾಣುತ್ತದೆ. ಆದರೆ ನಂಬರುಗಳನ್ನು ಸಾಲಾಗಿ ಇಟ್ಟರೆ ಹೊಸ ಫೈಲುಗಳೆಲ್ಲ ಕೊನೆಯ ಕಪಾಟಿನಲ್ಲೇ ತುಂಬಿ, ಎಲ್ಲರೂ ಅಲ್ಲೇ ಮುಗಿಬೀಳುತ್ತಾರೆ. ಕೊನೆಯ ಎರಡು ಅಂಕೆ ಹಿಡಿದರೆ ನೂರು ಕಪಾಟುಗಳೂ ಸಮನಾಗಿ ತುಂಬುತ್ತವೆ.

ಒಳರೋಗಿಯ ದಾಖಲೆಯನ್ನು ಕನಿಷ್ಠ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ನಮ್ಮ ಪುಣ್ಯಕ್ಕೆ ಅಲ್ಲಿ ಆರು ವರ್ಷದ ಹಿಂದಿನದೂ ಉಳಿದಿತ್ತು.

ನನಗೆ ತುಂಬಾ ಹಿಡಿಸಿದ್ದು ಕೋಡಿಂಗ್. ಇದು ನಮ್ಮ ಕಂಪ್ಯೂಟರ್ ಲ್ಯಾಬಿನ ಕೋಡಿಂಗ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿಯೊಂದು ಕಾಯಿಲೆ, ಗಾಯಕ್ಕೂ ಒಂದು ಸಂಕೇತ ಕೊಟ್ಟಿದೆ. ಆ ಪಟ್ಟಿಯ ಹೆಸರು ಐಸಿಡಿ. ಅದರ ಮೂಲ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಮಂಡಿಸಿದ ಸಾವಿನ ಕಾರಣಗಳ ಪಟ್ಟಿ. ಹನ್ನೊಂದನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಿದ್ದರೂ ಹತ್ತನೆಯದು ಈಗಲೂ ಬಳಕೆಯಲ್ಲಿದೆ. ಅದರಲ್ಲಿ ದಾದಿಯ ಮೂಳೆ ಮುರಿತ ಎಸ್72, ಜಾರಿ ಬಿದ್ದದ್ದು ಡಬ್ಲ್ಯು01. ನಮ್ಮ ಕಡೆ ಗದ್ದೆಯಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರ ಎ27. ಮರದಿಂದ ಬಿದ್ದವರಿಗೆ ಡಬ್ಲ್ಯು14 ಎಂಬ ಪ್ರತ್ಯೇಕ ಸಂಕೇತವೇ ಇದೆ, ತೆಂಗು ಅಡಿಕೆಯ ನಾಡಿನವರಿಗೆಂದೇ ಬರೆದ ಹಾಗೆ! ಎ98.2 ಎಂದರೆ ಕ್ಯಾಸನೂರು ಕಾಡಿನ ಕಾಯಿಲೆ. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇದೇ. ಇಡೀ ಜಗತ್ತಿನ ಪಟ್ಟಿಯಲ್ಲಿ ನಮ್ಮ ಪಕ್ಕದ ಜಿಲ್ಲೆಯ ಕಾಡಿನ ಹೆಸರು ಕಂಡಾಗ ಒಂದು ಕ್ಷಣ ಸುಮ್ಮನೆ ಕುಳಿತೆ.

ಈ ಸಂಕೇತಗಳಿಂದ ಯಾವ ತಾಲೂಕಿನಲ್ಲಿ ಯಾವ ಜ್ವರ ಏರುತ್ತಿದೆ ಎಂದು ಎಣಿಸಬಹುದು. ವಿಮೆಯ ಹಣವೂ ಇವುಗಳನ್ನೇ ಅವಲಂಬಿಸಿದೆ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಐಸಿಡಿ-10ರ ಅವರದೇ ರೂಪ ಜಾರಿಯಲ್ಲಿದೆ, ದುಬೈ, ಅಬುಧಾಬಿಗಳಲ್ಲೂ ವಿಮೆಗೆ ಅದೇ ರೂಪ ಬಳಸುತ್ತಾರೆ. ಗಲ್ಫ್‌ಗೆ ಹೋಗುವುದೆಂದರೆ ಅಂಗಡಿಯ ಲೆಕ್ಕ ಬರೆಯುವುದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬಹುದು. ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅಲ್ಲೂ ಪ್ರತಿ ಚಿಕಿತ್ಸೆಗೆ ಪ್ಯಾಕೇಜ್ ಕೋಡ್ ಇರುತ್ತದೆ.

ಲೆಕ್ಕವೂ ನಮಗೆ ಹೊಸದಲ್ಲ. 100 ಹಾಸಿಗೆಯ ಆಸ್ಪತ್ರೆಗೆ ಜೂನ್ ತಿಂಗಳಲ್ಲಿ 3,000 ಹಾಸಿಗೆ-ದಿನ. ರೋಗಿಗಳು ಬಳಸಿದ್ದು 2,400 ಆದರೆ 80 ಶೇಕಡಾ ತುಂಬಿತ್ತು ಎಂದರ್ಥ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು ಇದನ್ನು ಬಾಯಲ್ಲೇ ಮಾಡುತ್ತಾರೆ. ಕಷ್ಟ ಇರುವುದು ಶರೀರ ರಚನೆ ಮತ್ತು ವೈದ್ಯಕೀಯ ಪದಗಳಲ್ಲಿ. 'ಐಟಿಸ್' ಎಂದು ಮುಗಿದರೆ ಉರಿಯೂತ, 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆದದ್ದು. ಅಪೆಂಡಿಸೈಟಿಸ್, ಅಪೆಂಡೆಕ್ಟಮಿ ಎರಡನ್ನೂ ಅದಲುಬದಲು ಮಾಡಿದರೆ ಕಾಯಿಲೆಯೇ ಆಪರೇಷನ್ ಆಗಿಬಿಡುತ್ತದೆ. ಹತ್ತನೇ ತರಗತಿಯ ಬಳಿಕ ಜೀವಶಾಸ್ತ್ರ ಬಿಟ್ಟ ನನಗೆ ಇದರ ಭಯ ಇದ್ದೇ ಇದೆ.

ಈಗ ಪ್ರವೇಶದ ವಿಷಯ. ಇಲ್ಲಿ ಯಾರೂ ಮೋಸ ಹೋಗಬಾರದು. ಮೂರೂ ತಾಲೂಕಿನ ನಮಗೆ ಹತ್ತಿರವೆಂದರೆ ಮಣಿಪಾಲ. ಅಲ್ಲಿನ ಮಣಿಪಾಲ ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್‌ನಲ್ಲಿ ಈ ವಿಷಯದ ಬಿ.ಎಸ್ಸಿ. ಇದೆ. ಆದರೆ 'ಆರೋಗ್ಯ ವಿಜ್ಞಾನ' ಎಂಬ ಹೆಸರಿನ ಎಲ್ಲ ಪದವಿಗಳಿಗೂ ಕಾಮರ್ಸ್‌ನವರನ್ನು ತೆಗೆದುಕೊಳ್ಳುವುದಿಲ್ಲ. ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ ವಿಭಾಗಗಳಿಗೆ ವಿಜ್ಞಾನ ಬೇಕು. ಅರ್ಹತೆಯ ಸಾಲನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಕಣ್ಣಾರೆ ಓದಿ, ಏಜೆಂಟರ ಮಾತು ನಂಬಬೇಡಿ. ಬಿ.ಎಸ್ಸಿ. ಸಿಗದಿದ್ದರೆ ಆಸ್ಪತ್ರೆ ಆಡಳಿತದ ಬಿ.ಬಿ.ಎ. ಇನ್ನೊಂದು ದಾರಿ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪಟ್ಟಿ ಮಾಡಿದ ಹತ್ತು ವಿಭಾಗಗಳಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯೂ ಒಂದು. ನೀವು ಸೇರುವ ಕೋರ್ಸ್ ಆ ಪಟ್ಟಿಯೊಳಗೆ ಬರುತ್ತದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು ಆ ಅಕ್ಕ ಹೇಳಿದ್ದು. ಫೈಲ್ ಕೋಣೆಯಲ್ಲಿ ಪರಿಚಯದವರ ಹೆಸರು ಬಂದೇ ಬರುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಅವರೇ ಎದುರು ಸಿಕ್ಕರೂ ಏನೂ ಗೊತ್ತಿಲ್ಲದವರ ಹಾಗೆ ಇರಬೇಕು. ನಮ್ಮಂಥ ಸಣ್ಣ ಊರಿನಲ್ಲಿ ಅನಾಟಮಿಗಿಂತ ಇದೇ ಕಷ್ಟದ ಪಾಠವಿರಬೇಕು.

ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಬ್ಬಾಗೆ ಫೀಸಿನ ಚಿಂತೆ, ಅಮ್ಮಿಗೆ ಬಿ.ಕಾಂ. ಸಾಕು. ದಾದಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಆಸ್ಪತ್ರೆಯ ನಂಬರ್, ಕೆಳಗೆ 'ಪೆನಿಸಿಲಿನ್ ಬೇಡ' ಎಂದು ಒಂದು ಚೀಟಿಯಲ್ಲಿ ಬರೆದು ಅವರ ಬಟುವೆಯಲ್ಲಿ ಇಟ್ಟಿದ್ದೇನೆ.