ನೇಪಾಳದಲ್ಲಿ ನೀರು, ಜಾತಿ ಮತ್ತು ಕಾಯಿದೆ

ಜಾತಿಪದ್ಧತಿಯು ರೂಢಿಯಿಂದ ಬೆಳೆದುದೆಂಬುದು ಸಾಮಾನ್ಯವಾದ ಅಭಿಪ್ರಾಯ. ನೇಪಾಳದಲ್ಲಾದರೋ ಆ ರೂಢಿಗೆ ರಾಜಶಾಸನದ ಮುದ್ರೆಯೂ ಬಿದ್ದಿತು. ಜಂಗ್ ಬಹಾದೂರ್ ರಾಣಾನ ಆಡಳಿತದಲ್ಲಿ, ೧೮೫೪ರಲ್ಲಿ, ಜಾರಿಗೆ ಬಂದ ‘ಮುಲುಕಿ ಐನ್’ ಎಂಬ ಸಂಹಿತೆಯು ದೇಶದ ಸಮಸ್ತ ಜನರನ್ನೂ ಒಂದೇ ಶ್ರೇಣಿಯಲ್ಲಿ ನಿಲ್ಲಿಸಿತು. ಜನಿವಾರ ಧರಿಸುವವರು ಮೇಲೆ. ಮದ್ಯ ಸೇವಿಸುವ ಬುಡಕಟ್ಟುಗಳು ನಡುವೆ. ಯಾರ ಕೈಯ ನೀರು ಸಲ್ಲದೋ ಅವರು ಕೆಳಗೆ. ಆ ಕೆಳಗಿನವರಲ್ಲಿಯೂ ಎರಡು ಬಗೆ: ಮುಟ್ಟಿದರೆ ಬಾಧೆಯಿಲ್ಲದವರು ಮತ್ತು ಮುಟ್ಟಿದರೆ ನೀರು ಪ್ರೋಕ್ಷಿಸಿಕೊಂಡು ಶುದ್ಧರಾಗಬೇಕಾದವರು. ಒಂದೇ ಅಪರಾಧಕ್ಕೆ ಜಾತಿಗೊಂದು ಶಿಕ್ಷೆಯೂ ಇದ್ದಿತು.

ಈ ಶ್ರೇಣಿಗೆ ಆರ್ಥಿಕ ಆಧಾರವಾಗಿದ್ದುದು ‘ಬಾಲಿ’ ಪದ್ಧತಿ. ಕಬ್ಬಿಣದ ಕೆಲಸದ ಕಾಮಿ, ಹೊಲಿಗೆಯ ದಮಾಯಿ, ತೊಗಲಿನ ಸಾರ್ಕಿ, ಇವರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ಕನ್ನಡನಾಡಿನ ಆಯಗಾರಿಕೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಮದುವೆಯ ಮಂಗಳವಾದ್ಯವನ್ನು ನುಡಿಸುತ್ತಿದ್ದವನು ದಮಾಯಿಯೇ. ಆದರೆ ಮದುವೆಯ ಮನೆಯೊಳಕ್ಕೆ ಅವನಿಗೆ ಪ್ರವೇಶವಿರಲಿಲ್ಲ.

೧೯೬೩ರ ಹೊಸ ಸಂಹಿತೆಯು ಜಾತಿಗನುಸಾರವಾದ ಶಿಕ್ಷೆಯನ್ನು ಕೈಬಿಟ್ಟಿತಾದರೂ ಅಸ್ಪೃಶ್ಯತೆಯನ್ನು ಆಚರಿಸಿದವನನ್ನು ಶಿಕ್ಷಿಸಲಿಲ್ಲ. ೨೦೦೬ರಲ್ಲಿ ಸಂಸತ್ತು ದೇಶವನ್ನು ಅಸ್ಪೃಶ್ಯತಾಮುಕ್ತವೆಂದು ಘೋಷಿಸಿತು. ೨೦೧೧ರ ಕಾಯಿದೆ ಸಾರ್ವಜನಿಕ ಸ್ಥಳಗಳಲ್ಲಷ್ಟೇ ಅಲ್ಲದೆ ಖಾಸಗಿ ಸ್ಥಳಗಳಲ್ಲಿಯೂ ಈ ಆಚರಣೆಯನ್ನು ಅಪರಾಧವೆಂದಿತು. ೨೦೧೫ರ ಸಂವಿಧಾನವು ದಲಿತರ ಹಕ್ಕುಗಳಿಗೆ ಪ್ರತ್ಯೇಕ ವಿಧಿಯನ್ನೇ ಮೀಸಲಿಟ್ಟಿತು.

ಬದಲಾವಣೆ ಬರಿಯ ಕಾಗದದ ಮೇಲಿನದಲ್ಲ. ಸಿದ್ಧ ಉಡುಪು, ಕಾರ್ಖಾನೆಯ ಸಾಮಾನುಗಳು ಬಾಲಿಯನ್ನು ಸಡಿಲಿಸಿದವು; ಕೊಲ್ಲಿ ದೇಶಗಳಿಂದಲೂ ಮಲೇಷ್ಯಾದಿಂದಲೂ ಬರುವ ಕೂಲಿಯ ಹಣ ಅನೇಕ ಕುಟುಂಬಗಳನ್ನು ಒಡೆಯನ ಕಣಜದ ಹಂಗಿನಿಂದ ಬಿಡಿಸಿತು. ೨೦೧೭ರ ಸ್ಥಳೀಯ ಚುನಾವಣೆಯಲ್ಲಿ ಪ್ರತಿ ವಾರ್ಡಿಗೂ ಒಬ್ಬ ದಲಿತ ಮಹಿಳೆಯ ಸ್ಥಾನ ಮೀಸಲಾಗಿ, ೬,೫೦೦ಕ್ಕೂ ಮಿಕ್ಕು ಮಹಿಳೆಯರು ಆಯ್ಕೆಯಾದರು.

ಆದರೆ ಹಣವೂ ಮತವೂ ಹೊಸ್ತಿಲವರೆಗೆ ಮಾತ್ರ ಕರೆತರಬಲ್ಲವು. ೨೦೨೦ರಲ್ಲಿ ಪಶ್ಚಿಮ ರುಕುಮ್ ಜಿಲ್ಲೆಯಲ್ಲಿ, ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ತರುಣನೊಬ್ಬನು ಸಂಗಡಿಗರೊಡನೆ ಆಕೆಯ ಊರಿಗೆ ಹೋದಾಗ ಗುಂಪು ಅವರನ್ನು ಅಟ್ಟಿಸಿಕೊಂಡು ಹೋಯಿತು. ಅವನೂ ಸೇರಿ ಆರು ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷ ಕಾಠ್ಮಂಡುವಿನಲ್ಲಿ ಜಾತಿಯ ಕಾರಣದಿಂದ ಬಾಡಿಗೆಗೆ ಕೋಣೆ ನಿರಾಕರಿಸಿದರೆಂದು ದಲಿತ ಮಹಿಳೆಯೊಬ್ಬರು ದೂರಿತ್ತರು. ಬಂಧನಕ್ಕೊಳಗಾದ ಮನೆಯೊಡತಿ ಬಿಡುಗಡೆ ಹೊಂದಿದಾಗ, ಅಂದಿನ ಶಿಕ್ಷಣ ಸಚಿವರೇ ಆಕೆಯನ್ನು ತಮ್ಮ ವಾಹನದಲ್ಲಿ ಮನೆಗೆ ತಲುಪಿಸಿದರು. ಕಾಯಿದೆಯನ್ನು ಕಾಯಬೇಕಾದವರ ಒಲವು ಎತ್ತಲೆಂಬುದನ್ನು ಇದರಿಂದ ಊಹಿಸಬಹುದು.

ಆದುದರಿಂದ ನೇಪಾಳದ ಸಮಾಜ ಎಷ್ಟು ಬದಲಾಗಿದೆಯೆಂಬುದನ್ನು ಕಾಯಿದೆಗಳ ಸಂಖ್ಯೆಯಿಂದ ಅಳೆಯಲಾಗದು. ವಾರ್ಡ್ ಸಮಿತಿಯಲ್ಲಿ ದಲಿತ ಸದಸ್ಯೆಯ ಪಕ್ಕದಲ್ಲಿ ಕುಳಿತವರು ಆಕೆಯ ಮನೆಯಲ್ಲಿ ನೀರು ಕುಡಿಯುವರೇ ಎಂಬುದನ್ನು ನೋಡಬೇಕು. ೧೮೫೪ರ ಸಂಹಿತೆ ಬಳಸಿದ ಅಳತೆಗೋಲೂ ಅದೇ ಆಗಿದ್ದಿತು.