ಲೆಕ್ಕದಲ್ಲಿ ಸಿಗದ ಬಾಣಂತಿಯರು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. 2018-20ರಲ್ಲಿ ಒಂದು ಲಕ್ಷ ಹೆರಿಗೆಗೆ ಇಡೀ ದೇಶದಲ್ಲಿ 97 ತಾಯಂದಿರು ತೀರಿಕೊಂಡರೆ ನಮ್ಮ ರಾಜ್ಯದಲ್ಲಿ 69. ತಿಂಗಳ ಮೀಟಿಂಗಿನಲ್ಲಿ ಇಂಥ ಅಂಕಿ ಓದಿದ ದಿನ ಎಲ್ಲರ ಮುಖವೂ ಗೆಲುವಾಗಿರುತ್ತಿತ್ತು. ಕಿರಿಯ ಆರೋಗ್ಯ ಸಹಾಯಕಿಯಾಗಿ ಕುಂದಾಪುರ ತಾಲ್ಲೂಕಿನ ಕೆರಾಡಿ ಸುತ್ತಿನ ಹಾಡಿ, ಗುಡ್ಡೆಗಳಲ್ಲಿ ಮನೆಮನೆ ತಿರುಗಿ ನಿವೃತ್ತಳಾದವಳು ನಾನು. ಆ ಅಂಕಿಗಳ ಮೇಲೆ ನನ್ನದು ಒಂದೇ ತಕರಾರು. ಅದರೊಳಗೆ ಕೊರಗರ ಹೆಂಗಸನ್ನು ಹುಡುಕಿದರೆ ಸಿಗುವುದಿಲ್ಲ.

ಕೊರಗರು ಎಷ್ಟು ಮಂದಿ ಅಂತೀರಿ? ಕರ್ನಾಟಕದಲ್ಲಿ 2001ರ ಜನಗಣತಿಗೆ 16,071. 2011ಕ್ಕೆ 14,794. ಸುತ್ತಲಿನವರೆಲ್ಲ ಹೆಚ್ಚುತ್ತಿರುವಾಗ ಇವರು ಇಳಿದರು. ರಾಜ್ಯದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಸರ್ಕಾರ ಗುರುತಿಸಿರುವುದು ಎರಡೇ, ಜೇನುಕುರುಬರು ಮತ್ತು ಕೊರಗರು. ಬಳ್ಳಿ ತಂದು ಹೆಡಗೆ ಹೆಣೆಯುವುದು, ಡೋಲು ಬಡಿಯುವುದು ಇವರ ಹಳೆಯ ಕಸುಬು.

ಬಸುರಿಗೂ ಕೊರಗರಿಗೂ ಈ ಕರಾವಳಿಯಲ್ಲಿ ಒಂದು ಕೆಟ್ಟ ಹಳೇ ನಂಟಿದೆ. ಮೇಲ್ಜಾತಿಯ ಬಸುರಿಯ ಅಥವಾ ಕಾಯಿಲೆಯವರ ಅರಿಷ್ಟ ಕಳೆಯಲೆಂದು ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಅದಕ್ಕೆ ಅಜಲು ಎಂದು ಹೆಸರು. ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಬೇರೆಯವರ ಮಗು ಸುಖವಾಗಿ ಹುಟ್ಟಲಿ ಎಂದು ಎಂಜಲು ಉಂಡವರ ಮೊಮ್ಮಗಳು ಇವತ್ತು ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಅವಳು ಸಾಲಿನ ಕೊನೆಗೇ ನಿಲ್ಲುವುದು ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಾನು ಕಂಡ ಮುಖ್ಯ ತೊಂದರೆ ರಕ್ತಹೀನತೆ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿದ್ದರೆ ರಕ್ತ ಕಡಿಮೆ ಎನ್ನುತ್ತೇವೆ, 7ಕ್ಕಿಂತ ಕೆಳಗೆ ಹೋದರೆ ಅಪಾಯ. ರಕ್ತ ತುಂಬಿರುವವಳು ಹೆರಿಗೆಯಲ್ಲಿ ಅರ್ಧ ಲೀಟರು ಕಳೆದುಕೊಂಡರೂ ತಡೆದಾಳು, ರಕ್ತ ಕಡಿಮೆಯಿರುವವಳು ತಡೆಯಲಾರಳು. ಮಗುವೂ ಎರಡೂವರೆ ಕಿಲೋ ಮುಟ್ಟದೆ ಹುಟ್ಟಬಹುದು, ಅಂಥ ಕೂಸಿಗೆ ಚಳಿ, ಸೋಂಕು ಬೇಗ ತಟ್ಟುತ್ತದೆ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ದೇಶದ ಶಿಶುಮರಣ ಸಾವಿರಕ್ಕೆ 35, ಪರಿಶಿಷ್ಟ ಪಂಗಡದವರಲ್ಲಿ 41.6. ಕಬ್ಬಿಣದ ಮಾತ್ರೆಯನ್ನು 180 ದಿನ ನುಂಗಬೇಕು. ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ. ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ, ಹೆದರಿ ಡಬ್ಬಿಯನ್ನು ಮಾಡಿಗೆ ಸಿಕ್ಕಿಸಿಡುತ್ತಾರೆ. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದೂ ಕಡಿಮೆ. ಇದನ್ನು ಜಗುಲಿಯಲ್ಲಿ ಕೂತು, ಅವರ ಮನೆಯ ನೀರು ಕುಡಿದು ಹೇಳಬೇಕು. ಅಂಗಳದಲ್ಲಿ ನಿಂತು ಕೂಗಿ ಹೇಳಿದ ಮಾತು ಅಂಗಳದಲ್ಲೇ ಉಳಿಯುತ್ತದೆ.

ಎಂಟು ತಿಂಗಳು ತುಂಬಿದ ಒಬ್ಬಳನ್ನು ಆಸ್ಪತ್ರೆಗೆ ಹೊರಡಿಸಲು ಹೋದಾಗ ಅವಳೆಂದದ್ದು: "ಅಲ್ಲಿಗ್ ಹೋರೆ ನಮ್ಮನ್ ಮುಟ್ಟುಕೂ ಹೇಸ್ತ್ರ್, ಸಿಸ್ಟ್ರೇ. ನಾ ಬತ್ತಿಲ್ಲೆ." ದೂರ, ಮಳೆ, ಕಾಲುಸಂಕ ಎಲ್ಲ ಆಮೇಲಿನ ಮಾತು. ಕೊನೆಗೆ ಅವಳ ಅತ್ತೆ ಜೊತೆಗೆ ಬಂದಳು, ವಾರ್ಡಿನಲ್ಲಿ ನಾನೂ ಕೂತೆ. ಹೆರಿಗೆ ಸಲೀಸಾಯಿತು. ಪ್ರತಿಯೊಬ್ಬಳಿಗೂ ಹೀಗೆ ಒಬ್ಬ ಗುರುತಿನವಳು ಬೇಕೆಂದರೆ ಅದು ವ್ಯವಸ್ಥೆ ಎನಿಸುವುದಿಲ್ಲ.

ಹೇಸಿಗೆಯ ಮುಖ ತೋರಿಸದೆಯೂ ಬಾಣಂತಿಯ ಮಾತನ್ನು ಕಡೆಗಣಿಸುವುದು ನಡೆಯುತ್ತದೆ. ಅಮೆರಿಕದ ಕಪ್ಪು ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆತ್ತ ಮರುದಿನ ಉಸಿರು ಕಟ್ಟುತ್ತಿದೆ, ಸ್ಕ್ಯಾನ್ ಮಾಡಿ ಎಂದರು. ನೋವಿನ ಔಷಧಿಗೆ ಮಂಪರು ಬಂದಿದೆ ಎಂದುಕೊಂಡರಂತೆ ನರ್ಸ್. ಆಮೇಲೆ ನೋಡಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಮೆರಿಕದಲ್ಲಿ 2022ರಲ್ಲಿ ಲಕ್ಷ ಹೆರಿಗೆಗೆ 19 ಬಿಳಿಯ ತಾಯಂದಿರು ಸತ್ತರೆ ಕಪ್ಪು ತಾಯಂದಿರು 49.5. ದುಡ್ಡು, ಹೆಸರು ಎರಡೂ ಇದ್ದವರ ಮಾತನ್ನೇ ಕೇಳದಿದ್ದರೆ ಹೆಡಗೆ ಮಾರುವವಳ ಗತಿ ನೀವೇ ಯೋಚಿಸಿ.

ಅಮೆರಿಕದವರಿಗೆ ಈ ವ್ಯತ್ಯಾಸ ಗೊತ್ತಾದದ್ದು ಬಣ್ಣ ಬಣ್ಣಕ್ಕೆ ಬೇರೆ ಲೆಕ್ಕ ಇಟ್ಟದ್ದರಿಂದ.

ನಮ್ಮಲ್ಲಿ ಅಂಥ ಲೆಕ್ಕ ಇಲ್ಲದಿದ್ದರೂ ಯೋಜನೆಗಳೇನೋ ಇವೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣದಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು. ಬಯಲುಸೀಮೆಯಲ್ಲಿ ಊರ ಮಧ್ಯೆ ಅಂಗನವಾಡಿ ಇರುತ್ತದೆ. ಇಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡೆಯ ಮೇಲೆ. ಬಳ್ಳಿಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಮೈಲಿಗಟ್ಟಲೆ ನಡೆದು ಬಂದು ವಾಪಸು ಹತ್ತುತ್ತಾಳೆಯೇ? ಕೊರಗರ ಮನೆಗಳಿಗೆ ಸರ್ಕಾರ ಕೊಡುವ ಬೇಳೆ, ಎಣ್ಣೆ, ಮೊಟ್ಟೆಯ ಪೌಷ್ಟಿಕ ಆಹಾರ ನನ್ನ ಪ್ರಕಾರ ಅದಕ್ಕಿಂತ ಮೇಲು, ಒಲೆಯ ಬಳಿಗೇ ಬರುತ್ತದಲ್ಲ! 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಜನಮನ್ ಯೋಜನೆಯಲ್ಲಿ ಸಂಚಾರಿ ಆಸ್ಪತ್ರೆಯೂ ಸೇರಿದೆ. ಅದರ ಗಾಡಿಯಲ್ಲಿ ಕೊರಗರ ಮನೆಯ ಹುಡುಗಿಯೇ ನರ್ಸ್ ಆಗಿ ಬಂದರೆ ನಾನು ಹೇಳಿದ ಅರ್ಧ ಮಾತು ಬೇಕಾಗುವುದಿಲ್ಲ.

ಉಳಿದದ್ದು ಕಾಗದದ ಕೆಲಸ. ನಮ್ಮ ರಿಜಿಸ್ಟರಿನಲ್ಲಿ ಪರಿಶಿಷ್ಟ ಪಂಗಡ ಎಂಬ ಒಂದೇ ಕಾಲಂ ಇರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಅದರೊಳಗೆ ಮರಾಟಿ ನಾಯ್ಕರೂ ಬರುತ್ತಾರೆ. ಅವರ ಸಂಖ್ಯೆ ದೊಡ್ಡದು, ಕೊರಗರದ್ದು ಅದರಲ್ಲಿ ಮುಳುಗಿ ಹೋಗುತ್ತದೆ. ಕೊರಗ ಬಸುರಿಯರಲ್ಲಿ 7 ಗ್ರಾಮಿಗಿಂತ ಕಡಿಮೆ ರಕ್ತ ಇರುವವರು ಎಷ್ಟು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳೆಷ್ಟು, ವರ್ಷದೊಳಗೆ ತೀರಿಕೊಂಡ ಮಕ್ಕಳೆಷ್ಟು ಎಂದು ತಿಂಗಳ ವರದಿಯಲ್ಲಿ ಬೇರೆಯಾಗಿ ಬರೆಯಲಿ. ಇಡೀ ಕುಂದಾಪುರ ತಾಲ್ಲೂಕಿನದು ಬರೆದರೂ ಅರ್ಧ ಪುಟ ತುಂಬಲಿಕ್ಕಿಲ್ಲ.